ಬೇವಿನ ಸೊಪ್ಪು ಕಟ್ಟಿದ ಬಾಗಿಲು

ಮೇ ತಿಂಗಳ ಮಧ್ಯಾಹ್ನ. ಬಳ್ಳಾರಿಯ ಬಿಸಿಲಿಗೆ ಮಾಳಿಗೆಯ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಮೇಲಿನ ರೂಮಿನ ಬಾಡಿಗೆ ಹುಡುಗಿ ಮಂಜುಳಾ ಫ್ಯಾನ್ ಆರಿಸಿ, ಕಂಬಳಿ ಹೊದ್ದು, ಗೋಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆ ಕೊಟ್ಟ ರೊಟ್ಟಿ ತಟ್ಟೆಯಲ್ಲಿ ಹಾಗೇ ಒಣಗಿತ್ತು.

“ಏನಬೇ, ಈ ಬಿಸ್ಲಾಗ ಕಂಬಳಿ?” ಎಂದೆ.

“ಚಳಿ ಆಗಾಕತ್ತೈತಿ ಅವ್ವ. ಯಾರಿಗೂ ಹೇಳಬ್ಯಾಡ್ರಿ.”

ಚಳಿ ಎಂದದ್ದಕ್ಕಲ್ಲ, ಯಾರಿಗೂ ಹೇಳಬೇಡಿ ಎಂದದ್ದಕ್ಕೆ ನಾನು ಹೋಗಿ ಬಾಗಿಲು ಮುಚ್ಚಿದೆ.

ನಾನು ಮೂರನೇ ಕ್ಲಾಸು ಓದಿದವಳು. ಕುರುಗೋಡಿನಲ್ಲಿ ಹುಟ್ಟಿ, ಲಗ್ನವಾಗಿ ಬಳ್ಳಾರಿಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಕಂಟೋನ್ಮೆಂಟ್ ಹತ್ತಿರದ ಈ ಮನೆಯ ಮೇಲಿನ ಎರಡು ರೂಮುಗಳನ್ನು ಯೂನಿವರ್ಸಿಟಿಯಲ್ಲಿ ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟು, ಊಟವನ್ನೂ ಮಾಡಿ ಹಾಕುತ್ತೇನೆ. ಕೊರೊನಾ ಎರಡನೇ ಸಲ ಎದ್ದಾಗ ಕ್ಲಾಸು ನಿಂತವು. ಹಾಸ್ಟೆಲ್ ಖಾಲಿ ಮಾಡಿಸಿ ಅಲ್ಲಿ ರೋಗಿಗಳಿಗೆ ಮಂಚ ಹಾಕಿದರು. ನನ್ನ ಮನೆಯ ನಾಲ್ವರಲ್ಲಿ ಮೂವರು ಊರು ಸೇರಿದರು. ಮಂಜುಳಾ ಉಳಿದಳು.

ಅವಳದು ಸಿರುಗುಪ್ಪದ ಆಚೆ ಒಂದು ಹಳ್ಳಿ. ಊರ ದಾರಿಗೆ ಮುಳ್ಳು ಕಡಿದು ಹಾಕಿದ್ದರು. ಪ್ಯಾಟಿಯಿಂದ ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಮನೆಯಲ್ಲಿ ಇರುವುದು ಒಂದೇ ಕೋಣೆ, ಅದರಲ್ಲಿ ಉಬ್ಬಸದ ತಾಯಿ. ದಯೆಯಿಂದ ಇಟ್ಟುಕೊಂಡೆ ಎಂದು ತಿಳಿಯಬೇಡಿ. ಬಸ್ಸಿರಲಿಲ್ಲ, ಕಳಿಸಲಿಲ್ಲ. ಅಷ್ಟೇ.

ಟೆಸ್ಟ್ ಮಾಡಿಸಬೇಕಿತ್ತು. ಅದು ನನಗೂ ಗೊತ್ತಿತ್ತು. ಆದರೆ ಹಿಂದಿನ ವಾರವೇ ಗಲ್ಲಿಯ ತುದಿಯ ಮನೆಯಲ್ಲಿ ಬಾಡಿಗೆಗಿದ್ದ ಇಬ್ಬರು ಹುಡುಗಿಯರು ಕೆಮ್ಮಿದರೆಂದು ಜನ ಕೂಡಿ ಅವರ ಟ್ರಂಕುಗಳನ್ನು ಬೀದಿಗಿಟ್ಟಿದ್ದರು. ಮುಂದೆ ನಿಂತು ಬಾಯಿ ಮಾಡಿದವಳು ಎದುರು ಮನೆಯ ಲಕ್ಷ್ಮಕ್ಕ. ಹಿಂದೆ ನಿಂತು ಸುಮ್ಮನಿದ್ದವಳು ನಾನು.

ಮರುದಿನ ಲಕ್ಷ್ಮಕ್ಕ ತನ್ನ ಕಟ್ಟೆಯ ಮೇಲಿಂದಲೇ ಕೇಳಿದಳು, ನಿನ್ನ ಹುಡುಗಿ ನೀರು ಹಿಡಿಯಲು ಕೆಳಗೆ ಇಳಿದಿಲ್ಲವಲ್ಲ ಎಂದು. ನಾನು ಯೋಚನೆ ಮಾಡಲಿಲ್ಲ. ಬಾಯಿಗೆ ತಾನೇ ಬಂತು.

“ಆಕಿಗೆ ಅಮ್ಮ ಬಂದಾಳ.”

ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದರೆ ರೋಗ ಎನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ. ಆ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ಒಳಗೆ ಒಗ್ಗರಣೆ ಹಾಕುವುದಿಲ್ಲ. ಬೇವು ಕಟ್ಟಿದ ಬಾಗಿಲಿಗೆ ಎಂಥ ಜಗಳಗಂಟನೂ ಕೈ ಮುಗಿದು ಹೋಗುತ್ತಾನೆ. ಕುರುಗೋಡಿನಲ್ಲಿ ನಮ್ಮವ್ವ ಕಟ್ಟುತ್ತಿದ್ದ ಹಾಗೆಯೇ ಕಟ್ಟಿದೆ.

ಸುಳ್ಳು ಚೆನ್ನಾಗಿ ಕೆಲಸ ಮಾಡಿತು. ಟ್ರಂಕು ಎಸೆದ ಕೈಗಳೇ ನಮ್ಮ ಮೆಟ್ಟಿಲಿಗೆ ಮಜ್ಜಿಗೆ ತಂದಿಟ್ಟವು. ಲಕ್ಷ್ಮಕ್ಕ ದಿನಾ ಒಂದು ಎಳನೀರು ಇಟ್ಟು, ಕೈ ಮುಗಿದು ಹೋಗುತ್ತಿದ್ದಳು.

ಒಳಗೆ ನಾವಿಬ್ಬರೂ ಕಳ್ಳರ ಹಾಗೆ ಬದುಕಿದೆವು. ಒಗ್ಗರಣೆಯ ವಾಸನೆ ಹೊರಗೆ ಹೋಗಬಾರದೆಂದು ಬರೀ ಗಂಜಿ. ಶುಂಠಿ, ಮೆಣಸಿನ ಕಷಾಯ ಕುದಿಸುವಾಗ ಕಿಟಕಿ ಮುಚ್ಚುತ್ತಿದ್ದೆ. ಕೆಮ್ಮು ಬಂದರೆ ಅವಳು ದಿಂಬಿಗೆ ಬಾಯಿ ಒತ್ತುತ್ತಿದ್ದಳು. ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಪ್ಯಾರಾಸಿಟಮಾಲ್ ಕೊಡುತ್ತಿದ್ದೆ. ಜ್ವರ ಎರಡು ತಾಸು ಇಳಿದು ಮತ್ತೆ ಏರುತ್ತಿತ್ತು. ಅವಳ ಅಪ್ಪನಿಗೆ ಫೋನಿನಲ್ಲಿ, ಆರಾಮ ಇದ್ದಾಳೆ, ಓದುತ್ತಿದ್ದಾಳೆ ಎಂದು ಹೇಳಿದೆ.

ಐದನೇ ದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದಳು. ಕೈಯಲ್ಲಿ ಬೆರಳಿಗೆ ಹಾಕಿ ನೋಡುವ ಆಕ್ಸಿಮೀಟರ್. ನಮ್ಮ ಗೇಟಿನ ಮುಂದೆ ನಿಂತು ಬೇವು ನೋಡಿದಳು. ಲಕ್ಷ್ಮಕ್ಕ ಎದುರಿನಿಂದ ಏನೋ ಹೇಳಿದಳು. ಆಶಾ ಪುಸ್ತಕದಲ್ಲಿ ಬರೆದುಕೊಂಡು, ಕೈ ಮುಗಿದು, ಮುಂದಿನ ಮನೆಗೆ ಹೋದಳು.

ನಾನು ಕಿಟಕಿಯ ಪರದೆ ಹಿಂದೆ ನಿಂತಿದ್ದೆ.

ಕರೆಯಲಿಲ್ಲ.

ಕರೆದಿದ್ದರೆ ಸುಳ್ಳು ಬಯಲಾಗುತ್ತಿತ್ತು. ಹುಡುಗಿಯನ್ನು ಕಾಯಲು ಹೇಳಿದ ಸುಳ್ಳು ಅದು. ಅವತ್ತು ನಾನು ಸುಳ್ಳನ್ನು ಕಾಯುತ್ತ ನಿಂತೆ, ಹುಡುಗಿಯನ್ನು ಬಿಟ್ಟೆ. ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ.

ಆರನೇ ದಿನ ಮುಂಜಾನೆ ಗಂಜಿ ತೆಗೆದುಕೊಂಡು ಮೇಲೆ ಹೋದೆ. ಅವಳು ಎರಡೂ ಕೈ ನೆಲಕ್ಕೆ ಊರಿ ಕೂತಿದ್ದಳು. ಮಾತಾಡಲು ಬಾಯಿ ತೆರೆದಳು, ಮಾತು ಬರಲಿಲ್ಲ. ಒಂದರಿಂದ ಹತ್ತು ಎಣಿಸು ಎಂದೆ.

ನಾಲ್ಕಕ್ಕೆ ನಿಂತಳು.

ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆಂಬುಲೆನ್ಸಿಗೆ ಫೋನು ಮಾಡಿದೆ. ಗಾಡಿಗಳೆಲ್ಲ ಹೊರಗಿವೆ, ತಡವಾಗುತ್ತದೆ ಎಂದರು. ನಮ್ಮ ಗಲ್ಲಿಯಲ್ಲಿ ಆ ದಿನಗಳಲ್ಲಿ ಓಡುತ್ತಿದ್ದುದು ಒಂದೇ ಗಾಡಿ. ಲಕ್ಷ್ಮಕ್ಕನ ಗಂಡ ಬ್ರೂಸ್‌ಪೇಟೆಗೆ ತರಕಾರಿ ಸಾಗಿಸುವ ಮೂರು ಗಾಲಿಯ ಟಂಟಂ. ಕೆಳಗಿಳಿದು ಬೇವಿನ ಸೊಪ್ಪು ಕಿತ್ತು ಹಾಕಿ ಅವಳ ಕಟ್ಟೆಯ ಮುಂದೆ ನಿಂತೆ.

“ಲಕ್ಷ್ಮಕ್ಕ, ಹುಡುಗಿಗೆ ಬಂದಿದ್ದು ಅಮ್ಮ ಅಲ್ಲ. ಕೊರೊನಾ ಇರ್ಬೇಕು. ಉಸ್ರು ಸಾಲವಲ್ದು. ನಿನ್ನ ಗಾಡಿ ಬೇಕು.”

ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಹಲ್ಲು ಉದುರಿದ ವಯಸ್ನಾಗ ಅಮ್ಮನ ಹೆಸ್ರಿನ ಮ್ಯಾಲ ಸುಳ್ಳು ಹೇಳಿದಿ? ನಿನ್ನ ನಾಲಿಗಿಗಿ ಹುಳ ಬೀಳ. ನಾಲ್ಕು ದಿನ ಕೈ ಮುಗದೀನಿ ನಿನ್ನ ಬಾಗ್ಲಿಗೆ.”

“ಬೈಯೋದು ಆಮ್ಯಾಲ ಬೈ. ಆಕಿ ಸಾಯಾಕತ್ತಾಳ.”

ಗಲ್ಲಿಯ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಒಬ್ಬರೂ ಹತ್ತಿರ ಬರಲಿಲ್ಲ. ಲಕ್ಷ್ಮಕ್ಕ ಅವರ ಕಡೆ ನೋಡಿದಳು, ನಮ್ಮ ಮಾಳಿಗೆಯ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಮೂಗು ಬಾಯಿ ಬಿಗಿದುಕೊಂಡಳು.

“ಆ ಹುಡುಗಿ ಹೆಸ್ರಿಗೆ ಎಳನೀರು ಇಟ್ಟೀನಿ. ಈಗ ಕೈ ಬಿಟ್ರ ಅಮ್ಮ ನನ್ನ ಸುಮ್ಮನ ಬಿಡ್ತಾಳೇನು? ಇಳಿಸ್ಕೊಂಡು ಬಾ.”

ಕೊತ್ತಂಬರಿ ಚೀಲಗಳ ಮೇಲೆ ಮಂಜುಳಾಳನ್ನು ಒರಗಿಸಿ ಹಿಡಿದುಕೊಂಡೆ. ಲಕ್ಷ್ಮಕ್ಕನ ಗಂಡ ಗಾಡಿ ಓಡಿಸಿದ. ರೋಡಿನ ಪ್ರತಿ ಉಬ್ಬಿಗೆ ಅವಳ ತಲೆ ನನ್ನ ಎದೆಗೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ಬದುಕಿದ್ದಾಳೆ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಎಪ್ಪತ್ತೆಂಟು ತೋರಿಸಿತು. ಬೆಡ್ಡಿಗೆ ಎರಡು ತಾಸು ಕಾದೆವು, ಅಷ್ಟರವರೆಗೆ ಒಂದೇ ಸಿಲಿಂಡರಿನಿಂದ ಇಬ್ಬರಿಗೆ ಕೊಟ್ಟರು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಕಣ್ಣು ಕೆಂಪಗಿದ್ದವು.

“ಎಷ್ಟು ದಿನದಿಂದ ಜ್ವರ?”

“ಆರು.”

“ನಿನ್ನೆ ಕರ್ಕೊಂಡು ಬಂದಿದ್ರೂ ಇಷ್ಟು ಇಳೀತಿರ್ಲಿಲ್ಲಮ್ಮ. ನಿಮಗೇನಾಗ್ಬೇಕು ಇವರು?”

“ಏನೂ ಆಗಬೇಕಿಲ್ಲ. ನಮ್ಮನ್ಯಾಗ ಬಾಡಿಗಿ ಅದಾಳ.”

ಅವಳು ಫಾರಮಿನಲ್ಲಿ ಏನೋ ಬರೆದು, ಸಹಿ ಮಾಡಿ ಎಂದಳು. ಮಾಡಿದೆ.

ಸಾಯಂಕಾಲ ಅವಳ ಅಪ್ಪ ಯಾರದೋ ಬೈಕು ಹತ್ತಿ ಸಿರುಗುಪ್ಪದಿಂದ ಬಂದ. ಗದ್ದೆಯ ಕೆಸರು ಕಾಲಲ್ಲೇ ಒಣಗಿತ್ತು. ಅವನಿಗೆ ಎಲ್ಲ ಹೇಳಿದೆ. ಬೇವು, ಆಶಾ, ಪರದೆ, ಫೋನಿನಲ್ಲಿ ಹೇಳಿದ ಸುಳ್ಳು. ಬಡಿಯಲು ಬಂದರೂ ಬರಲಿ ಎಂದು ಎದುರಿಗೇ ನಿಂತೆ.

“ಹೊರಗ ಹಾಕಲಿಲ್ಲಲ್ರಿ,” ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂರು ದಿನ ಯಾರೂ ಏನೂ ಖಚಿತವಾಗಿ ಹೇಳಲಿಲ್ಲ. ನಾಲ್ಕನೇ ದಿನ ನನಗೇ ಜ್ವರ ಬಂತು. ನಾನು ಮುಚ್ಚಿಡಲಿಲ್ಲ, ಟೆಸ್ಟ್ ಮಾಡಿಸಿಕೊಂಡೆ. ಇಲ್ಲಿ ಕೊರೊನಾ ಇದೆ ಎಂದು ಮನೆಗೆ ಬೋರ್ಡು ಹಾಕಿದರು. ಲಕ್ಷ್ಮಕ್ಕ ದಿನಾ ಮೆಟ್ಟಿಲ ಮೇಲೆ ಅನ್ನ ಇಡುತ್ತಿದ್ದಳು. ಈ ಸಲ ಕೈ ಮುಗಿಯಲಿಲ್ಲ, ಬೈದು ಹೋಗುತ್ತಿದ್ದಳು. ಆ ಬೈಗುಳ ಕೇಳಿಸಿದರೆ ಊಟದ ಹೊತ್ತಾಯಿತೆಂದು ಏಳುತ್ತಿದ್ದೆ. ಅವಳ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅದೊಂದು ಪುಣ್ಯ.

ಮಂಜುಳಾ ಹದಿನೇಳು ದಿನದ ಮೇಲೆ ವಾಪಸು ಬಂದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿದ್ದವು. ಮೇಲಿನ ರೂಮಿಗೆ ಹತ್ತಲು ಆಗಲಿಲ್ಲ, ಐದನೇ ಮೆಟ್ಟಿಲಿಗೆ ಕೂತುಬಿಟ್ಟಳು. ಕೆಳಗಿನ ನನ್ನ ಕೋಣೆ ಅವಳಿಗೆ ಬಿಟ್ಟು ನಾನು ಅಡುಗೆಮನೆಯಲ್ಲಿ ಹಾಸಿಕೊಂಡೆ. ಈಗಲೂ ಜೋರಾಗಿ ನಕ್ಕರೆ ಅವಳಿಗೆ ದಮ್ಮು ಬರುತ್ತದೆ. ಡಾಕ್ಟರು ಸರಿಹೋಗುತ್ತದೆ ಎಂದಿದ್ದಾರೆ. ಪೂರ್ತಿ ಎಂದು ಹೇಳಿಲ್ಲ.

ಒಂದು ದಿನ ಸೊಪ್ಪು ಬಿಡಿಸುತ್ತ ಕೂತಾಗ ಅವಳೇ ಮಾತು ತೆಗೆದಳು.

“ಆಶಾ ಬಂದಾಗ ನಾನೂ ಮ್ಯಾಲಿಂದ ನೋಡಾಕತ್ತಿದ್ದೆ ಅವ್ವ. ಇನ್ನೂ ದನಿ ಇತ್ತು. ಕೂಗಬಹುದಿತ್ತು.”

“ಮತ್ಯಾಕ ಕೂಗಲಿಲ್ಲ?”

“ಆ ಹುಡ್ಗ್ಯಾರ ಟ್ರಂಕು ಬೀದಿಗಿ ಇಟ್ಟಾಗ ನೀವೂ ಅಲ್ಲೇ ನಿಂತಿದ್ರಲ್ಲ.”

ಸಿಟ್ಟಿನಿಂದ ಹೇಳಲಿಲ್ಲ. ಸೊಪ್ಪು ಬಿಡಿಸುತ್ತಲೇ ಹೇಳಿದಳು.

ಈ ವರ್ಷ ಮೇಲಿನ ರೂಮುಗಳಿಗೆ ಹೊಸ ಹುಡುಗಿಯರು ಬಂದಿದ್ದಾರೆ. ಬೀಗದ ಕೈ ಕೊಡುವ ಮೊದಲೇ ಹೇಳಿದೆ. ಜ್ವರ ಬಂದರೆ ಆ ಹೊತ್ತೇ ನನಗೆ ಹೇಳಬೇಕು, ರೂಮು ನಿಮ್ಮದೇ ಇರುತ್ತದೆ, ನಿಮ್ಮ ಟ್ರಂಕು ಯಾರೂ ಮುಟ್ಟುವುದಿಲ್ಲ ಎಂದು. ಮುದುಕಿ ಏನೋ ಹೇಳುತ್ತಾಳೆ ಎಂದು ತಲೆಯಾಡಿಸಿದರು.

ಮೊನ್ನೆ ಅವರಲ್ಲಿ ಒಬ್ಬಳು ತಾನಾಗಿ ಇಳಿದು ಬಂದು, ಮೈ ಬೆಚ್ಚಗಾಗಿದೆ ಎಂದಳು. ಬರೀ ನೆಗಡಿ ಇರಬಹುದು. ಇರಲಿ. ಒಲೆ ಆರಿಸಿ, ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಚಪ್ಪಲಿ ಮೆಟ್ಟಿಕೊಂಡೆ.