ಮಾಳಪ್ಪನ ಹಾಡು ಕಂಪ್ಯೂಟರಿಗೆ ದಾಟಿದ್ದು

ಮನುಷ್ಯನ ಬುದ್ಧಿಗೆ ನಿಲುಕದ ಸಂಗತಿಗಳು ಈ ಲೋಕದಲ್ಲಿ ಅನೇಕವಿವೆ. ನನ್ನ ಮಟ್ಟಿಗೆ ಅವುಗಳಲ್ಲಿ ಮೊದಲನೆಯದು ಮೊಬೈಲಿನ ವಯರು. ನೋಡಲಿಕ್ಕೆ ಅವಳಿ ಜವಳಿಯಂತಿರುವ ಎರಡು ವಯರುಗಳಲ್ಲಿ ಒಂದು ಫೋನಿಗೆ ಊಟವನ್ನಷ್ಟೇ ಹಾಕುತ್ತದೆ; ಇನ್ನೊಂದು ಊಟವನ್ನೂ ಹಾಕಿ ಕಂಪ್ಯೂಟರಿನ ಜೊತೆಗೆ ಮಾತನ್ನೂ ಆಡಿಸುತ್ತದೆ. ಯಾವುದು ಯಾವುದೆಂದು ತಯಾರಿಸಿದವನಿಗಾದರೂ ಗೊತ್ತಿದೆಯೋ ಇಲ್ಲವೋ, ನನಗೆ ಅನುಮಾನ.

ದೆವ್ವ, ಮಾಟ, ಶಕುನ ಇವು ಯಾವುವನ್ನೂ ನಾನು ನಂಬಿದವನಲ್ಲ. ವಿಜಯಪುರದಲ್ಲಿ ಬಹಳ ವರ್ಷ ಟೈಪಿಂಗ್ ಶಾಲೆ ನಡೆಸಿದವನು ನಾನು. ಒತ್ತಿದ ಅಕ್ಷರ ಮೂಡುತ್ತದೆ, ಒತ್ತದ ಅಕ್ಷರ ಮೂಡುವುದಿಲ್ಲ. ನನ್ನ ವೇದಾಂತವೆಲ್ಲ ಇಷ್ಟೇ. ಯಾರಾದರೂ ವಿಚಿತ್ರ ಅನುಭವ ಹೇಳಲು ಬಂದರೆ ‘ಸರಿಯಾಗಿ ಊಟ ಮಾಡಿದ್ದಿರೇನು’ ಎಂದು ಕೇಳಿ ಅವರ ಉತ್ಸಾಹ ಇಳಿಸುತ್ತಿದ್ದೆ. ಈಗ ನನ್ನದೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವೂ ಹಾಗೆಯೇ ಕೇಳಬಹುದು. ಆ ದಿನ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದು ಗಟ್ಟಿಯಾಗಿಯೇ ಇದ್ದೆ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಟೈಪಿಂಗ್ ಶಾಲೆ ಮುಚ್ಚಿದಾಗ ಅಲ್ಲಿದ್ದ ಕಂಪ್ಯೂಟರುಗಳಲ್ಲಿ ಒಂದನ್ನು ಇಬ್ರಾಹಿಂಪುರದ ನನ್ನ ಮನೆಗೆ ತಂದಿಟ್ಟುಕೊಂಡಿದ್ದೆ. ಅದಕ್ಕೆ ಇಂಟರ್ನೆಟ್ಟು ಇಲ್ಲ, ಮೈಕು ಇಲ್ಲ, ಕ್ಯಾಮೆರಾ ಇಲ್ಲ. ನನ್ನ ಹೆಂಡತಿ ಹಳೆಯ ಸೀರೆಯಿಂದ ಹೊಲಿದ ಹೊದಿಕೆಯೊಂದು ಇದೆ. ಮನೆಯ ಹತ್ತಿರದ ಹಳಿಯ ಮೇಲೆ ರೈಲು ಹೋದಾಗಲೆಲ್ಲ ಮೇಜಿನ ಜೊತೆ ಕಂಪ್ಯೂಟರೂ ಸ್ವಲ್ಪ ನಡುಗುತ್ತದೆ. ಅದು ಬಿಟ್ಟರೆ ಸಂಭಾವಿತ ಯಂತ್ರ.

ಆ ಯಂತ್ರವನ್ನು ನಂಬಿಯೇ ಕಸ್ತೂರಿ ನನ್ನಲ್ಲಿಗೆ ಬಂದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಬಬಲೇಶ್ವರಕ್ಕೆ ಕೊಟ್ಟಿದ್ದಾರೆ, ಅಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅವಳ ತಂದೆ ತಿಕೋಟಾದ ಮಾಳಪ್ಪ, ಕುರಿ ಕಾಯುವವನು. ಡೊಳ್ಳು ಬಾರಿಸಿಕೊಂಡು ಹಾಡುವುದರಲ್ಲಿ ಸುತ್ತಲಿನ ಊರುಗಳಲ್ಲಿ ಅವನಿಗೆ ಹೆಸರಿತ್ತು. ಅವನ ಮೇಳದ ಉಳಿದ ಹಾಡುಗಳೆಲ್ಲ ನಾಲ್ಕು ಜನಕ್ಕೆ ಬರುತ್ತಿದ್ದವು. ಆದರೆ ದೋಣಿ ಎಂಬ ಹೊಳೆಗೆ ನೀರು ಬಂದಾಗ ಆಚೆ ದಡದಲ್ಲಿ ಉಳಿದುಹೋದ ಒಂದು ಕುರಿಮರಿಯ ಮೇಲೆ ಅವನೇ ಕಟ್ಟಿದ ದೊಡ್ಡ ಹಾಡೊಂದಿತ್ತು. ಅದು ಅವನೊಬ್ಬನ ಬಾಯಲ್ಲಿ ಮಾತ್ರ ಇತ್ತು. ಬರೆದುಕೊಂಡಿದ್ದಿಲ್ಲ, ಅವನಿಗೆ ಬರೆಯಲು ಬಾರದು. ಈಗ ಅವನ ಗಂಟಲಿನಲ್ಲಿ ಗಂಟು ಬೆಳೆದು, ಶಸ್ತ್ರಚಿಕಿತ್ಸೆ ಮಾಡಬೇಕು, ಆಮೇಲೆ ದನಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

‘ಫೋನಿನಾಗ ಇಟ್ಟದ್ದು ಇಟ್ಟಂಗಲ್ಲರಿ ಸರ. ನಂದು ಬಿದ್ದು ಒಡದು ಮದವಿ ಫೋಟೋ ಎಲ್ಲಾ ಹೋದುವು’ ಎಂದಳು ಕಸ್ತೂರಿ. ‘ನಿಮ್ಮ ಕಂಪ್ಯೂಟರ್ ಯಾರೂ ಕಿಸೆದಾಗ ಹಾಕ್ಕೊಂಡು ಹೋಗಂಗಿಲ್ಲ. ಅದರಾಗ ಇಡ್ರಿ. ಕೇಳಿ ಕೇಳಿ ಹಾಡು ಕಲೀತೀನಿ ನಾ.’

ಯಂತ್ರದ ಭಾರವನ್ನು ಗುಣವೆಂದು ಹೊಗಳಿದವರು ಅವಳೊಬ್ಬಳೇ. ನಾನು ಉಬ್ಬಿ ಒಪ್ಪಿಕೊಂಡೆ.

ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಒಂದು ಶೆಡ್ಡು ಆ ಹೊತ್ತಿನಲ್ಲಿ ಖಾಲಿ ಇತ್ತು. ಅದರ ನೆರಳಲ್ಲಿ ಮಾಳಪ್ಪ ಡೊಳ್ಳು ಕಟ್ಟಿಕೊಂಡು ನಿಂತ. ಹಿಂದೆ ನಿಂತು ಪಲ್ಲವಿಯ ಸೊಲ್ಲು ಎತ್ತಲು ಕಸ್ತೂರಿ, ಎದುರಿಗೆ ಫೋನು ಹಿಡಿದು ನಾನು. ಹೊರಗೆ ಕುರಿಗಳು. ಗಂಟಲು ಕೆಟ್ಟವನ ಹಾಡು ಎಂದು ಯಾರೂ ಹೇಳುವಂತಿರಲಿಲ್ಲ. ಹಾಡು ಕೊನೆಗೆ ಬಂದಿತ್ತು, ಅಷ್ಟರಲ್ಲಿ ನನ್ನ ಫೋನು ‘ಜಾಗವಿಲ್ಲ’ ಎಂದು ತಾನಾಗಿಯೇ ರೆಕಾರ್ಡಿಂಗ್ ನಿಲ್ಲಿಸಿತು. ಬಂಧುಮಿತ್ರರು ದಿನಾ ಬೆಳಗ್ಗೆ ಕಳಿಸುವ ಶುಭೋದಯದ ಗುಲಾಬಿ ಹೂವುಗಳು ಅದರ ಹೊಟ್ಟೆ ತುಂಬಿದ್ದವು. ಒಂದೊಂದೇ ಹೂವು ಕಿತ್ತು ಹಾಕುತ್ತ ಕುಳಿತೆ; ಫೋನು ಸ್ತಬ್ಧವಾಯಿತು. ಅದು ಮತ್ತೆ ಕಣ್ಣು ಬಿಡುವಷ್ಟರಲ್ಲಿ ಮಾಳಪ್ಪನಿಗೆ ಕೆಮ್ಮು ಹತ್ತಿ ಗಂಟಲು ಕಟ್ಟಿಹೋಗಿತ್ತು.

ಉಳಿದದ್ದು ಕೊನೆಯ ನುಡಿ ಮಾತ್ರ. ಊರ ಹೆಸರು, ಗುರುವಿನ ಹೆಸರು, ಕಟ್ಟಿದವನ ಹೆಸರು ಬರುವ ನುಡಿ ಅದು. ಆ ನುಡಿ ಆಗದ ಹೊರತು ಕೇಳುತ್ತ ಕುಳಿತವರು ಯಾರೂ ಎದ್ದು ಹೋಗಬಾರದೆಂದು ಅವರ ಮೇಳದಲ್ಲಿ ಕಟ್ಟುನಿಟ್ಟು. ಮಾಳಪ್ಪ ಪಿಸುದನಿಯಲ್ಲಿ ಹೇಳಿದ: ‘ಕಡೀ ನುಡಿ ಆಗದ ಹಾಡು ಜಾಗಾ ಬಿಟ್ಟು ಕದಲಂಗಿಲ್ಲರಿ ಸರ. ನೀವು ಒಯ್ದರೂ ಅದು ನಿಮ್ಮ ಸಂಗಾಟ ಬರಂಗಿಲ್ಲ.’

‘ಟಿಕೆಟ್ ನಾ ತಗಸ್ತೀನಿ, ಬರತೈತಿ ಬಿಡು’ ಎಂದು ನಾನು ಬಸ್ಸು ಹತ್ತಿದೆ.

ಮನೆಗೆ ಬಂದು ಫೋನನ್ನು ಕಂಪ್ಯೂಟರಿಗೆ ಜೋಡಿಸಿದೆ. ಜೋಡಿಸಿದೆ ಎಂದು ಒಂದೇ ಮಾತಿನಲ್ಲಿ ಬರೆಯುವುದು ಸುಲಭ. ಮೊದಲ ವಯರಿಗೆ ಫೋನು ‘ಚಾರ್ಜ್ ಆಗುತ್ತಿದೆ’ ಎಂದು ಸಂತೋಷಪಟ್ಟಿತು; ಕಂಪ್ಯೂಟರಿಗೆ ತನ್ನ ಎದುರು ಫೋನೊಂದಿದೆ ಎಂಬುದೇ ತಿಳಿಯಲಿಲ್ಲ. ಎರಡನೆಯ ವಯರಿಗೆ ಕಂಪ್ಯೂಟರು ಟುಂಯ್ ಎಂದು ಸದ್ದು ಮಾಡಿ ಫೋನಿನ ಚಿತ್ರ ತೋರಿಸಿತು. ತೆರೆದರೆ ಒಳಗೆ ಶೂನ್ಯ. ಫೋನಿನ ಪರದೆಯನ್ನು ಮೇಲಿನಿಂದ ಕೆಳಗೆ ಎಳೆದು, ಅಲ್ಲಿರುವ ಸೂಚನೆಯನ್ನು ಒತ್ತಿ, ‘ಫೈಲ್ ವರ್ಗಾವಣೆ’ ಎಂಬುದನ್ನು ಆರಿಸಬೇಕಂತೆ. ಆರಿಸಿದೆ. ಪರದೆ ಆರಿದೊಡನೆ ಅದು ಮತ್ತೆ ಚಾರ್ಜಿಗೆ ಮರಳಿತು. ಮತ್ತೆ ಆರಿಸಿದೆ. ಪರದೆ ಆರದಂತೆ ಒಂದು ಬೆರಳಿನಿಂದ ಅದನ್ನು ಸವರುತ್ತ, ಇನ್ನೊಂದು ಕೈಯಿಂದ ಮೌಸು ಹಿಡಿದು ಕುಳಿತ ನನ್ನನ್ನು ನೋಡಿ ನನ್ನ ಹೆಂಡತಿ, ‘ಕೂಸಿನ್ನ ಮಲಗಸಾಕತ್ತೀರೇನು?’ ಎಂದಳು.

ಕೊನೆಗೆ ಫೈಲುಗಳು ಕಂಡವು. ಗುಲಾಬಿ ಹೂವುಗಳು ಸರಸರ ಬಂದವು. ನಾನು ಯಾವತ್ತೋ ತೆಗೆದ ನನ್ನದೇ ಚಪ್ಪಲಿಯ ಫೋಟೋ ಬಂತು. ಮಾಳಪ್ಪನ ಹಾಡಿಗೆ ಬಂದಾಗ ಹಸಿರು ಪಟ್ಟಿ ತುದಿಯವರೆಗೂ ಹರಿದು, ಉಗುರಿನಷ್ಟು ಜಾಗ ಉಳಿದಿರುವಾಗ ನಿಂತಿತು. ‘ಸಾಧನ ಸಿಗುತ್ತಿಲ್ಲ’ ಎಂದಿತು ಕಂಪ್ಯೂಟರು. ಸಾಧನ ಅದರ ಪಕ್ಕದಲ್ಲೇ ಬಿದ್ದಿತ್ತು. ಮತ್ತೆ ಮಾಡಿದೆ. ಅದೇ ಉಗುರಿನಷ್ಟು ಜಾಗ. ವಯರು ಬದಲಿಸಿದೆ, ಹಿಂದಿನ ತೂತು ಬಿಟ್ಟು ಮುಂದಿನ ತೂತಿಗೆ ಹಾಕಿದೆ, ಫೋನು, ಕಂಪ್ಯೂಟರು ಎರಡನ್ನೂ ಬಂದ್ ಮಾಡಿ ಮತ್ತೆ ಹಚ್ಚಿದೆ, ಬೈದೆ. ಬ್ಲೂಟೂತಿಗೆ ಕಂಪ್ಯೂಟರಿನಲ್ಲಿ ವ್ಯವಸ್ಥೆ ಇಲ್ಲ. ಫೋನಿಗೆ ಚುಚ್ಚುವ ಪೆನ್‌ಡ್ರೈವ್ ತಂದೆ. ಅದಕ್ಕೂ ಬಂದದ್ದು ಅಷ್ಟೇ. ಅರ್ಧ ಬಂದ ಫೈಲನ್ನು ಯಾವುದೂ ಉಳಿಸಿಕೊಳ್ಳುತ್ತಿರಲಿಲ್ಲ. ಕೊನೆ ಮುಟ್ಟದಿದ್ದರೆ ಇಡೀ ಹಾಡನ್ನು ಅಳಿಸಿ ಕೈ ತೊಳೆದುಕೊಳ್ಳುತ್ತಿತ್ತು. ಫೋನಿನಲ್ಲಿ ಮಾತ್ರ ಹಾಡು ನಿಂತಲ್ಲಿಯವರೆಗೆ ಸ್ವಚ್ಛವಾಗಿ ಕೇಳುತ್ತಿತ್ತು.

ಫೋನಿಗಾದರೂ ಆರೋಗ್ಯವಿತ್ತೇ? ಅದರ ಬ್ಯಾಟರಿ ಉಬ್ಬಿ ಬೆನ್ನಿನ ಮುಚ್ಚಳ ಎದ್ದಿತ್ತು. ಅದು ಸತ್ತರೆ ಹಾಡೂ ಸತ್ತಂತೆ. ಸಂತೆಯ ದಿನ ಜೀಪಿನಲ್ಲಿ ಇಕ್ಕಟ್ಟಾಗಿ ಕುಳಿತು, ಆ ಉಬ್ಬಿದ ಫೋನನ್ನು ಮೊಟ್ಟೆಯಂತೆ ಹಿಡಿದುಕೊಂಡು ಬಬಲೇಶ್ವರಕ್ಕೆ ಹೋದೆ. ಕಸ್ತೂರಿಯ ಅಂಗಡಿಯ ಎದುರು ಮೊಬೈಲ್ ರಿಪೇರಿಯವನಿದ್ದ. ಅವನು ತನ್ನ ಯಂತ್ರಕ್ಕೆ ಹಚ್ಚಿ, ಉಗುರಿನಷ್ಟು ಜಾಗ ಉಳಿದಾಗ ನಿಂತದ್ದನ್ನು ಕಂಡು, ‘ಫೈಲ್ ಕೆಟ್ಟೈತ್ರಿ ಅಜ್ಜಾರ. ಇನ್ನೊಮ್ಮೆ ರೆಕಾರ್ಡ್ ಮಾಡ್ರಿ’ ಎಂದ.

‘ಏ, ಇನ್ನೊಮ್ಮೆ ಹಾಡೋ ಹಂಗಿದ್ದರ ನಿನ್ನ ಕಡೆ ಯಾಕ ಬರತಿದ್ವಿ?’ ಎಂದು ಕಸ್ತೂರಿ ಅವನಿಗೆ ಸರಿಯಾಗಿ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, ‘ಅಪ್ಪ ಹೇಳಿದ್ದು ಖರೇ ಇರಬೇಕೇನ್ರಿ ಸರ?’ ಎಂದಳು. ನಾನು ಟೈಪಿಂಗ್ ಕಲಿಸಿದ್ದು ವ್ಯರ್ಥವಾಯಿತೆಂದು ಅವಳಿಗೆ ಹೇಳಿದೆ. ಯಂತ್ರಕ್ಕೆ ನುಡಿಯೇನು, ಗುರುವೇನು?

ಶಸ್ತ್ರಚಿಕಿತ್ಸೆಯ ದಿನ ಬಂತು. ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಮಾಳಪ್ಪನನ್ನು ಹಿಂದಿನ ದಿನವೇ ಸೇರಿಸಿದ್ದರು. ಬೆಳಗಿನ ಹೊತ್ತು, ಊಟ ಮುಗಿಸಿ ನಾನು ಮತ್ತೆ ಕಂಪ್ಯೂಟರಿನ ಎದುರು ಕುಳಿತಿದ್ದೆ. ಹಸಿರು ಪಟ್ಟಿ ಹರಿದು ಎಂದಿನ ಜಾಗದಲ್ಲಿ ನಿಂತಿತ್ತು. ಸಿಟ್ಟಿನಿಂದ ಅದನ್ನು ಮುಚ್ಚದೆ ಹಾಗೇ ಬಿಟ್ಟಿದ್ದೆ. ಆಗ ನನ್ನ ಹೆಂಡತಿಯ ಫೋನಿಗೆ ಕಸ್ತೂರಿಯ ಕರೆ ಬಂತು.

‘ಸರ, ಅಪ್ಪ ಕೇಳಾಕತ್ತಾನ, ಹಾಡು ದಾಟಿತೇನು ಅಂತ. ಇನ್ನ ಸ್ವಲ್ಪ ಹೊತ್ತಿಗೆ ಒಳಗ ಒಯ್ತಾರ.’

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಇಲ್ಲ ಎಂದೆ. ಆ ಕಡೆ ಅವಳು ಫೋನನ್ನು ತಂದೆಗೆ ಕೊಟ್ಟಳು. ಆಮೇಲೆ ಮಾಳಪ್ಪನ ಒಡೆದ ದನಿ: ‘ಸರ, ಫೋನ್ ಕಂಪ್ಯೂಟರ್ ಬಾಜೂಕ ಇಡ್ರಿ. ಉಳದದ್ದು ಮುಗಸಿಬಿಡ್ತೀನಿ. ಕಟ್ಟಿ ಹಾಕಿದಂಗ ಆಗೇತಿ ಹಾಡಿಗೆ.’

ನನಗೆ ರೇಗಿತು. ಆದರೆ ಆ ಹೊತ್ತಿನಲ್ಲಿ ಅವನಿಗೆ ಬುದ್ಧಿ ಹೇಳುವುದು ನನ್ನಿಂದಾಗಲಿಲ್ಲ. ನನ್ನ ಹೆಂಡತಿ ನನ್ನನ್ನು ಕೇಳದೆಯೇ ಸ್ಪೀಕರ್ ಹಾಕಿ ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಮಾಳಪ್ಪ ಹಾಡಿದ. ಹಾಡು ಅನ್ನುವುದಕ್ಕಿಂತ ಉಸಿರು ಅನ್ನಬೇಕು.

‘ತಿಕೋಟಾ ಊರಾಗ ವಾಸಾ, ಕುರಿ ಕಾಯೂದು ನಂದು ಕಸಬಾ…’

ನಡುವೆ ನರ್ಸಮ್ಮನ ದನಿ ಕೇಳಿತು: ‘ಏ ಮುತ್ಯಾ, ಇದೇನು ಭಜನೀ ಗುಡಿ ಅಲ್ಲ. ಬಾಯಿ ಮುಚ್ಚು, ಗಂಟಲ ಆಪರೇಷನ್ ಐತಿ ನಿಂದು.’ ಮಾಳಪ್ಪ ನಿಲ್ಲಿಸಲಿಲ್ಲ. ಗುರುವಿನ ಹೆಸರು ಹೇಳಿದ, ತನ್ನ ಹೆಸರು ಹೇಳಿದ. ಆಮೇಲೆ ಕಸ್ತೂರಿ ಅಳುವುದಷ್ಟೇ ಕೇಳಿತು, ಕರೆ ಕಡಿಯಿತು.

ಕಂಪ್ಯೂಟರು ಟುಂಯ್ ಎಂದಿತು. ನೋಡಿದರೆ ಪಟ್ಟಿ ಇಲ್ಲ. ಕೆಲಸ ಮುಗಿದಾಗ ಅದು ತಾನಾಗಿಯೇ ಮಾಯವಾಗುತ್ತದೆ. ಹಾಡು ಬಂದು ಕುಳಿತಿತ್ತು.

ಇದು ಕಾಕತಾಳೀಯವೆಂದು ನನಗೆ ಆಗಲೇ ಹೊಳೆದಿತ್ತು, ಹೆಂಡತಿಗೆ ಗಂಭೀರವಾಗಿ ಹೇಳಿಯೂ ಬಿಟ್ಟೆ. ಸಡಿಲವಾದ ವಯರು ಯಾವ ಗಳಿಗೆಯಲ್ಲಾದರೂ ಗಟ್ಟಿಯಾಗಬಹುದು. ಅವಳು, ‘ಹಚ್ಚಿ ಕೇಳ್ರಿ ಮೊದಲ’ ಎಂದಳು. ಫೈಲಿನ ತುದಿಯನ್ನು ಹಚ್ಚಿದೆ. ರೆಕಾರ್ಡಿಂಗ್ ನಿಂತಿದ್ದ ಜಾಗ ನನಗೆ ಬಾಯಿಪಾಠವಾಗಿತ್ತು. ಆ ಜಾಗ ಬಂತು. ಹಾಡು ನಿಲ್ಲಲಿಲ್ಲ. ಕೊನೆಯ ನುಡಿ ಶುರುವಾಯಿತು. ಆಸ್ಪತ್ರೆಯ ಉಸಿರಿನಂಥ ದನಿಯಲ್ಲಿ ಅಲ್ಲ, ಶೆಡ್ಡಿನಲ್ಲಿ ಕೇಳಿದ ತುಂಬುಗಂಟಲಿನಲ್ಲಿ. ಡೊಳ್ಳು ಇತ್ತು. ಹೊರಗಿನ ಕುರಿಗಳಿದ್ದವು. ಹಿಂದೆ ಸೊಲ್ಲು ಎತ್ತುವ ಕಸ್ತೂರಿಯ ದನಿ ಇತ್ತು. ನರ್ಸಮ್ಮ ಇರಲಿಲ್ಲ.

ನನ್ನ ಹೆಂಡತಿ ಕುರ್ಚಿ ಎಳೆದು ಕುಳಿತಳು. ನಾನು ನನ್ನ ಫೋನನ್ನು ವಯರಿನಿಂದ ಬಿಡಿಸಿ, ಅದರೊಳಗಿನ ಹಾಡನ್ನು ಹಚ್ಚಿದೆ. ಅದು ಮೊದಲು ನಿಂತಲ್ಲಿಯೇ ನಿಂತಿತು. ಅದರಲ್ಲಿ ಕೊನೆಯ ನುಡಿ ಇಲ್ಲ.

ಕೆಲವು ದಿನಗಳ ನಂತರ ಕಸ್ತೂರಿ ಬಂದು ಕೇಳಿದಳು. ಮೊದಲು ನಕ್ಕಳು, ಆಮೇಲೆ ಬಾಯಿಗೆ ಸೆರಗು ಹಿಡಿದಳು. ‘ಸರ, ಈ ನುಡಿಗೆ ಅವತ್ತ ನಾ ಸೊಲ್ಲ ಎತ್ತಿಲ್ಲರಿ. ಅಪ್ಪ ಹಾಡೇ ಇಲ್ಲ. ನೀವೇನರ ಜೋಡಿಸೀರೇನು?’

ಒಂದು ಫೈಲನ್ನು ವಯರಿನ ಈ ತುದಿಯಿಂದ ಆ ತುದಿಗೆ ದಾಟಿಸಲಾಗದೆ ಊರೂರು ಅಲೆದವನು, ಇಲ್ಲದ ನುಡಿಗೆ ಡೊಳ್ಳು ಜೋಡಿಸಿದನೆಂದು ಯಾರು ನಂಬಬೇಕು? ಅವಳಿಗೂ ಆ ಮಾತು ತಾನಾಗಿಯೇ ಹೊಳೆಯಿತು. ಮೊಬೈಲ್ ರಿಪೇರಿಯವನಿಗೆ ಕೇಳಿಸಿದೆವು. ಫೋನು ರೆಕಾರ್ಡಿಂಗ್ ನಿಂತಿತೆಂದು ತೋರಿಸಿಯೂ ಒಳಗೊಳಗೆ ಮುಂದುವರಿಸಿರಬಹುದು ಎಂದ. ಮಾಳಪ್ಪ ಆಗ ಕೆಮ್ಮುತ್ತ ಕುಳಿತಿದ್ದನಲ್ಲ ಎಂದೆ. ‘ಹಂಗಾದರ ಏನೋ ನಾಯ್ಸ್ ಇರಬೇಕರಿ’ ಎಂದು ಅವನು ಬೇರೆ ಗಿರಾಕಿಯ ಕಡೆ ತಿರುಗಿದ. ತಿಕೋಟಾದಲ್ಲಿ ಶಸ್ತ್ರಚಿಕಿತ್ಸೆಯ ಆ ಬೆಳಗ್ಗೆ ಡೊಳ್ಳು ಯಾರಾದರೂ ಮುಟ್ಟಿದ್ದರೇ ಎಂದೂ ವಿಚಾರಿಸಿದೆ. ಯಾರೂ ಮುಟ್ಟಿರಲಿಲ್ಲ. ಮುಟ್ಟಿದ್ದರೂ ಅದರ ಸದ್ದು ಇಬ್ರಾಹಿಂಪುರದ ನನ್ನ ಮೇಜಿಗೆ ಬರುವ ದಾರಿ ಯಾವುದು, ನನಗೆ ತಿಳಿಯದು.

ಈ ಎಲ್ಲದಕ್ಕೂ ಒಂದು ವಿವರಣೆ ಇರಲೇಬೇಕು. ಅದು ಇಷ್ಟು ವರ್ಷವಾದರೂ ನನಗೆ ಸಿಕ್ಕಿಲ್ಲ. ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ನನ್ನ ಮನೆಗೆ ಬಂದು, ಫೈಲನ್ನು ಕೇಳಿ, ನನಗೆ ತಿಳಿಸಬೇಕು. ಚಹಾ ನನ್ನ ಕಡೆಯಿಂದ.

ಮಾಳಪ್ಪನ ಜೀವ ಉಳಿಯಿತು. ದನಿ ಉಳಿಯಲಿಲ್ಲ. ಕಸ್ತೂರಿ ಆ ಫೈಲನ್ನು ಕೇಳಿ ಇಡೀ ಹಾಡನ್ನು ಕಲಿತಳು, ಈಗ ಬಬಲೇಶ್ವರದಲ್ಲಿ ಅದನ್ನು ಹಾಡುತ್ತಾಳೆ.