ಪೂವಪ್ಪನವರ ಖಾಯಂ ಗಿರಾಕಿಗಳು

ವಿಕ್ರೋಳಿಯ ಹಳೆಯ ಬಿಲ್ಡಿಂಗೊಂದರ ನೆಲಮಹಡಿಯಲ್ಲಿ ನೀಲಾವತಿಯ ಮನೆ. ಬಾಗಿಲಾಚೆಯ ಪೋರ್ಚಿನ ಸೂರಿಗೆ ಪ್ರತಿ ಬೇಸಿಗೆಯಲ್ಲೂ ಒಂದು ಜೋಡಿ ಕವಲುತೋಕೆ ಹಕ್ಕಿಗಳು ಬಂದು ಮಣ್ಣಿನ ಗೂಡು ಕಟ್ಟುತ್ತಿದ್ದವು. ಅಡ್ಡ ಮಲಗಿಸಿದ ಹೂಜಿಯಂಥ ಗೂಡು. ಅವಳ ಗಂಡ ಪೂವಪ್ಪನವರದು ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತು ಬಂದವರನ್ನೆಲ್ಲ ನಗುತ್ತ ಕರೆಯುವ ಕೆಲಸ. ಆ ರೂಢಿ ಮನೆಯಲ್ಲೂ ಬಿಡಲಿಲ್ಲ. ಸಂಜೆ ಬಂದವರೇ ಕತ್ತೆತ್ತಿ, "ಬನ್ನಿ ಬನ್ನಿ, ಊಟ ಆಯ್ತಾ?" ಎಂದು ಹಕ್ಕಿಗಳನ್ನು ಕೇಳುವರು; ಆಮೇಲೆ ಚಪ್ಪಲಿ ಬಿಡುವರು. ಹಿಕ್ಕೆ ಬೀಳುತ್ತದೆಂದು ನೆರೆಯವರು ಗೊಣಗಿದಾಗ ಗೂಡಿನ ಕೆಳಗೊಂದು ಹಲಗೆ ಕಟ್ಟಿ, "ಖಾಯಂ ಗಿರಾಕಿಗಳು ಮಾರಾಯ್ರೆ, ಓಡಿಸ್ಲಿಕ್ಕೆ ಆಗ್ತದಾ?" ಎಂದಿದ್ದರು.

ಕಳೆದ ಮಳೆಗಾಲದಲ್ಲಿ ಪೂವಪ್ಪ ತೀರಿಕೊಂಡರು. ಚಳಿಗಾಲದಲ್ಲಿ ಬಣ್ಣ ಬಳಿಯಲು ಬಂದವರು ಗೂಡನ್ನು ಕೆರೆದು ಹಾಕಿದರು. ಅಂಗಳಕ್ಕೂ ಸಿಮೆಂಟಿನ ಕಲ್ಲು ಹಾಸಿಯಾಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ಹಕ್ಕಿಗಳು ಬಂದವು. ಸೂರನ್ನು ಸುತ್ತಿದವು, ಕೇಬಲ್ ತಂತಿಯ ಮೇಲೆ ಕೂತವು. ಕಟ್ಟಲು ಎಲ್ಲೂ ಹಸಿ ಮಣ್ಣಿರಲಿಲ್ಲ.

"ಅವೇ ಹಕ್ಕಿಗಳು," ಎಂದಳು ನೀಲಾವತಿ.

"ಸೇಮ್ ಜೋಡಿ ಅಂತ ಗ್ಯಾರಂಟಿ ಇಲ್ಲ ಅಮ್ಮಾ," ಎಂದಳು ಮಗಳು ವಿಜೇತಾ. ಭಾನುವಾರ ದುರ್ಬೀನು ಹಿಡಿದು ಖಾಡಿಯ ಹಿನ್ನೀರಿನ ಕಡೆ ಹಕ್ಕಿ ನೋಡಲು ಹೋಗುವವಳು ಅವಳು. ಆದರೂ ಸಂಜೆ ನರ್ಸರಿಯಿಂದ ಮಣ್ಣು ತಂದು ತಟ್ಟೆಯಲ್ಲಿ ಕಲಸಿಟ್ಟಳು. ಅದರಲ್ಲಿ ಅರ್ಧಕ್ಕರ್ಧ ತೆಂಗಿನ ನಾರಿನ ಪುಡಿ. ಹಕ್ಕಿಗಳು ಅದನ್ನು ಮೂಸಿಯೂ ನೋಡಲಿಲ್ಲ.

ಅವು ಇಳಿದದ್ದು ಬಾಗಿಲೆದುರಿನ ತುಳಸಿ ಕುಂಡಕ್ಕೆ. ಮಿಂದು ಬಂದ ನೀಲಾವತಿ ನೀರು ಹಾಕಿ ಸುತ್ತು ಬರುವಷ್ಟರಲ್ಲಿ ಒಂದು ಹಕ್ಕಿ ಅಂಚಿನಲ್ಲಿ ಕೂತು ಕೊಕ್ಕಿನ ತುಂಬ ಕೆಸರು ತುಂಬಿಕೊಂಡು ಹಾರಿತು. ಊರಿನ ಗದ್ದೆಯ ಅಂಟುಮಣ್ಣು ಅದು. ಪೂವಪ್ಪ ಗಿಡ ಸಮೇತ ಎಣ್ಣೆ ಡಬ್ಬಿಯಲ್ಲಿ ತುಂಬಿ, ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

ಆವತ್ತಿನಿಂದ ಅವಳು ಮಧ್ಯಾಹ್ನವೂ ನೀರೆರೆದಳು, ಬಿಸಿಲು ಜಾಸ್ತಿಯಾದರೆ ಮತ್ತೊಮ್ಮೆ. ಸೂರಿನಲ್ಲಿ ಗೂಡು ಬಟ್ಟಲಿನಷ್ಟಾಯಿತು. ಇತ್ತ ತುಳಸಿಯ ಎಲೆ ಹಳದಿಯಾಯಿತು. ಅವಳ ಕಣ್ಣು ಮೇಲೆಯೇ ಇತ್ತು, ಕೆಳಗಿನದು ಕಾಣಲಿಲ್ಲ.

ಕಂಡವಳು ಪಕ್ಕದ ಮನೆಯ ದೇವಕ್ಕ. "ಎಂತ ನೀಲಾ ಇದು? ಮಿಂದು ಒಂದು ತಂಬಿಗೆ ಹಾಕುವ ಕ್ರಮ. ನೀನು ಗದ್ದೆಯೇ ಮಾಡಿಟ್ಟಿದ್ದಿಯಲ್ಲ! ಬೇರು ಕೊಳೀತಾ ಉಂಟು."

ನೀಲಾವತಿ ಬಗ್ಗಿ ಹಳದಿ ಎಲೆಗಳನ್ನು ಮುಟ್ಟಿ ನೋಡಿದಳು. ಮರುದಿನ ನೀರು ಹಾಕಲಿಲ್ಲ. ಹೊತ್ತೇರುವಾಗ ಹಕ್ಕಿಗಳು ಬಂದು ಮೇಲ್ಪದರ ಒಣಗಿ ಬಿರಿದ ಮಣ್ಣನ್ನು ಕುಕ್ಕಿದವು, ಬರಿಗೊಕ್ಕಿನಲ್ಲಿ ತಂತಿಗೆ ಮರಳಿದವು. ಅವಳು ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಗಿಡವೂ ಅವರದೇ, ಗಿರಾಕಿಗಳೂ ಅವರದೇ. ಒಂದು ಕಡ್ಡಿ ಚಿವುಟಿ ಬೇರೆ ಕಡೆ ನೆಡೋಣವೆಂದರೆ ಹಸಿರಾದ ಒಂದು ಗೆಣ್ಣೂ ಉಳಿದಿರಲಿಲ್ಲ.

"ನೀವಾದ್ರೆ ಏನ್ ಮಾಡ್ತಿದ್ರಿ?" ಎಂದು ಮೆಲ್ಲಗೆ ಕೇಳಿದಳು. ಬಾಗಿಲಿಗೆ ಬಂದವರನ್ನು ಅವರು ಒಮ್ಮೆಯೂ ಬರಿಗೈಯಲ್ಲಿ ಕಳಿಸಿದ್ದಿಲ್ಲ. ತಂಬಿಗೆ ಬಗ್ಗಿಸಿದಳು.

ತುಳಸಿ ಒಣಗಿತು. ದೇವಕ್ಕ ಮುಖ ಊದಿಸಿಕೊಂಡೇ ಹೊಸ ಸಸಿ ತಂದಳು. "ಖಾಲಿ ಕುಂಡಕ್ಕೆ ಸುತ್ತು ಬರ್ತಿದ್ದಿ, ನೋಡಿದವರು ನಗ್ತಾರೆ."

"ನಗಲಿ ದೇವಕ್ಕ. ಗೂಡು ಮುಗಿದ ಮೇಲೆ ನೆಡ್ತೇನೆ."

ಮೊದಲ ಮಳೆಗೆ ಮುಂಚೆ ಗೂಡಿಗೆ ಕತ್ತು ಮೂಡಿತು. ಆವತ್ತು ಸಂಜೆ ಒಂದು ಹಕ್ಕಿ ತಲೆ ತಗ್ಗಿಸಿ ಒಳಗೆ ಹೋಯಿತು. ಆ ಊರಿನ ಮಣ್ಣೆಲ್ಲ ಈಗ ಸೂರಿನಲ್ಲಿತ್ತು. ನೀಲಾವತಿ ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಕತ್ತೆತ್ತಿದಳು.

"ಬನ್ನಿ ಬನ್ನಿ, ಊಟ ಆಯ್ತಾ?"

ಹಾಗೆಂದವಳು, ಬೆನ್ನ ಹಿಂದೆ ಚಪ್ಪಲಿ ಬಿಡುವ ಸದ್ದಿಗಾಗಿ ತುಂಬ ಹೊತ್ತು ಕಾದಳು.