ಹೊಗೆ ಹೋಗದ ಒಲೆ

ಆ ಒಂದು ತಿಂಗಳು ನನ್ನ ಅಂಗಿಗಳೆಲ್ಲ ಹೊಗೆ ನಾರುತ್ತಿದ್ದವು. ಕುಲಗೋಡದಿಂದ ಗೋಕಾಕಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೂಗು ಮುಚ್ಚಿಕೊಂಡು ಕಿಟಕಿ ಸರಿಸುತ್ತಿದ್ದರು. ಕಚೇರಿಯಲ್ಲಿ ಒಬ್ಬರಂತೂ, "ಏನ್ರಿ ಸರ, ಮನ್ಯಾಗ ಬೆಲ್ಲದ ಗಾಣ ಹಾಕೀರೇನ?" ಎಂದು ದಿನಾ ಕೇಳುವುದನ್ನೇ ರೂಢಿ ಮಾಡಿಕೊಂಡರು. ಎಲ್ಲರೂ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಯಾಕೆಂದರೆ ಹೊಗೆ ಹೊರಗೆ ಹೋಗಲಿ ಎಂದೇ ಮನೆಯಲ್ಲಿ ಹೊಸ ಒಲೆ ಕಟ್ಟಿಸಿದ್ದೆ.

ಅವ್ವನ ಬಲಗಣ್ಣಿನ ಪೊರೆ ತೆಗೆದ ಡಾಕ್ಟರು, ಇನ್ನು ಮೇಲೆ ಹೊಗೆಯಲ್ಲಿ ಕೂಡಲೇಬಾರದು ಎಂದು ಖಡಾಖಂಡಿತವಾಗಿ ಹೇಳಿದ್ದರು. ಎಡಗಣ್ಣಿನದು ಇನ್ನೂ ಬಾಕಿ ಇತ್ತು. ಮನೆಯಲ್ಲಿ ಗ್ಯಾಸ್ ಇದೆ, ಪಲ್ಯ, ಸಾರು, ಚಹಾ ಎಲ್ಲವನ್ನೂ ನನ್ನ ಹೆಂಡತಿ ಅದರ ಮೇಲೆಯೇ ಮಾಡುತ್ತಾಳೆ. ಆದರೆ ರೊಟ್ಟಿ ಅವ್ವನದು. ಅದು ಕಟ್ಟಿಗೆ ಒಲೆಯ ಮೇಲೇ ಆಗಬೇಕು. ನನಗೂ ಆ ರೊಟ್ಟಿಯೇ ಬೇಕು, ಸುಳ್ಳು ಯಾಕೆ ಹೇಳಲಿ? ರೊಟ್ಟಿ ಬಡಿಯುವುದನ್ನು ಬಿಡಿಸಿದರೆ ಅವ್ವ ಮುಂಜಾನೆ ಎದ್ದು ಏನು ಮಾಡುತ್ತಾಳೆ ಎಂಬ ಚಿಂತೆಯೂ ನನಗಿತ್ತು. ಹಾಗಾಗಿ ಮೂಡಲಗಿಯಿಂದ ಗೌಂಡಿ ಕಾಕಾನನ್ನು ಕರೆಸಿ, ಒಲೆಯ ಮೇಲೆ ಇಟ್ಟಿಗೆಯ ಗೂಡು ಕಟ್ಟಿಸಿ, ಗೂಡಿನಿಂದ ಮಾಳಿಗೆಯಾಚೆಗೆ ಸಿಮೆಂಟಿನ ಪೈಪು ಹಾಕಿಸಿದೆ. ಕಣ್ಣೂ ಉಳಿಯಲಿ, ಒಲೆಯೂ ಉಳಿಯಲಿ ಎಂಬ ಲೆಕ್ಕಾಚಾರ ನನ್ನದು.

ಹದಿನೈದು ದಿನ ಒಲೆ ಸೊಗಸಾಗಿ ಉರಿಯಿತು. ನಾನು ಸಂಜೆ ಬಂದವನೇ ಅಂಗಳದಲ್ಲಿ ನಿಂತು, ಪೈಪಿನ ತುದಿಯಲ್ಲಿ ಹೊಗೆ ಏಳುವುದನ್ನು ನೋಡಿ ಖುಷಿಪಡುತ್ತಿದ್ದೆ. ಆಮೇಲೆ ಒಂದು ದಿನ ಹೊಗೆ ಹಿಂದಕ್ಕೆ ಬಂತು. ಬಂದದ್ದು ಬಂದೇ ಬಂತು. ಅಡಿಗೆಮನೆ, ಪಡಸಾಲೆ, ಹಾಸಿಗೆ, ನನ್ನ ಅಂಗಿ, ಎಲ್ಲಕ್ಕೂ ಅದೇ ವಾಸನೆ.

ಮೊದಲು ಕಟ್ಟಿಗೆಯನ್ನು ಬೈದೆ. ಹಸಿ ಜಾಲಿಯ ಕಟ್ಟಿಗೆ, ಅದಕ್ಕೇ ಹೀಗೆ ಎಂದು ಒಣಗಿದ್ದನ್ನು ತಂದು ಒಟ್ಟಿದೆ. ಹೊಗೆ ಬಂತು. ಪೈಪು ಕೊಟ್ಟ ಗೋಕಾಕದ ಅಂಗಡಿಯವನು, "ಮ್ಯಾಲಿನ ಟೊಪ್ಪಿಗಿ ಸಣ್ಣದಾತ್ರಿ," ಎಂದ. ದೊಡ್ಡ ಟೊಪ್ಪಿಗೆ ಹಾಕಿದೆ. ಬಂತು. ಬಸ್ಸಿನಲ್ಲಿ ಸಿಗುವ ನಿಡಸೋಸಿಯ ಕಾಲೇಜಿನ ಮೇಷ್ಟ್ರೊಬ್ಬರು ಕಾಗದದ ಮೇಲೆ ಗಾಳಿಯ ಬಾಣ ಬರೆದು, ಬಾಜೂ ಮನೆಯ ನೀರಿನ ಟಾಕಿ ಗಾಳಿಯನ್ನು ತಿರುಗಿಸುತ್ತದೆ, ಪೈಪು ಅದಕ್ಕಿಂತ ಮೇಲೆ ಹೋಗಬೇಕು ಎಂದರು. ಗೌಂಡಿ ಕಾಕಾ ಬಂದು ಮಾಳಿಗೆಯ ಮೇಲೆ ಇನ್ನೊಂದು ತುಂಡು ಏರಿಸಿ ಹೋದ. ಆಗಲೂ ಬಂತು. ಉದ್ದನೆಯ ಬಿದಿರಿಗೆ ಚಿಂದಿ ಸುತ್ತಿ ಮೇಲಿನಿಂದ ಇಳಿಬಿಟ್ಟೆ. ಕೆಳಗೆ ಎಲ್ಲೋ ಮೆತ್ತಗೆ ತಡೆಯಿತು. ಪೈಪು ಗೂಡಿಗೆ ಸೇರುವಲ್ಲಿ ಮಸಿ ಕಟ್ಟಿರಬೇಕು ಎಂದುಕೊಂಡು ಅರ್ಧ ತಾಸು ತಿವಿದು, ಮುಖವೆಲ್ಲ ಮಸಿ ಮಾಡಿಕೊಂಡು ಇಳಿದೆ. ಒಲೆಯ ಮುಂದೆ ಕೂತು ಗೂಡಿನೊಳಗೆ ತಲೆ ಹಾಕಿ ನೋಡುವುದು ಮಾತ್ರ ನನಗೆ ಹೊಳೆಯಲೇ ಇಲ್ಲ. ಪೈಪು ನನ್ನದು, ಒಲೆ ಅವ್ವನದು ಎಂದು ನಾನೇ ಮನಸ್ಸಿನಲ್ಲಿ ಪಾಲು ಮಾಡಿಬಿಟ್ಟಿದ್ದೆ.

ಅವ್ವನ ಕಣ್ಣು ಕೆಂಪಾಯಿತು. ಸೆರಗಿನಿಂದ ಒರೆಸಬೇಡ ಎಂದರೂ ಒರೆಸುತ್ತಿದ್ದಳು. ಹೆಂಡತಿ, "ನಿಮ್ಮ ರೊಟ್ಟಿ ಸಲುವಾಗಿ ಅತ್ತಿ ಕಣ್ಣ ಕಳೀತೀರಿ ನೋಡ್ರಿ," ಎಂದಳು. ಆ ಮಾತು ಚುಚ್ಚಿತು. ಖರೇ ಮಾತಾಗಿದ್ದಕ್ಕೆ ಇನ್ನೂ ಸಿಟ್ಟು ಬಂತು. ಸಿಟ್ಟಿನಲ್ಲೇ ಅವ್ವನ ಮುಂದೆ ನಿಂತು, ರವಿವಾರ ಒಲೆ ಕೆಡವಿಸುತ್ತೇನೆ ಎಂದೆ. ಆಕೆ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ. "ನಿನ್ನ ಮರ್ಜಿ," ಎಂದಳು, ಅಷ್ಟೇ.

ರವಿವಾರ ಗೌಂಡಿ ಕಾಕಾ ಸುತ್ತಿಗೆ ಹಿಡಿದುಕೊಂಡು ಬಂದ. ಅವ್ವ ಅಂದು ಒಲೆ ಹೊತ್ತಿಸಿರಲಿಲ್ಲ. ಆದರೆ ಎಂದಿನಂತೆ ಸಾರಿಸಿ, ಅದಕ್ಕೆ ವಿಭೂತಿ ಎಳೆದಿದ್ದಳು. ಕಾಕಾ ಸುತ್ತಿಗೆ ಎತ್ತಿದ.

"ತಡೀಪಾ ಜರಾ," ಎಂದಳು ಅವ್ವ. "ಮೊದಲ ನನ್ನ ತೆನಿ ತಗೀತೇನಿ."

"ಯಾವ ತೆನಿ?" ಎಂದೆ.

ಆಕೆ ಮಣೆಯ ಮೇಲೆ ಹತ್ತಿ, ಗೂಡಿನೊಳಗೆ ಮೊಳಕೈವರೆಗೆ ಕೈ ಹಾಕಿ, ಹಗ್ಗ ಬಿಚ್ಚಿದಳು. ತಲೆದಿಂಬಿನಷ್ಟು ದೊಡ್ಡ ಗಂಟೊಂದು ಮಸಿ ಉದುರಿಸುತ್ತ ಕೆಳಗಿಳಿಯಿತು. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಬಿಳಿಜೋಳದ ತೆನೆಗಳು. ಕಬ್ಬಿನ ಹೊಲದ ಬದುವಿಗೆ ನಾಲ್ಕು ಸಾಲು ಜೋಳ ಬಿತ್ತಿಸಿ, ಸುಗ್ಗಿಯಲ್ಲಿ ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಇಡುವುದು ಆಕೆಯ ಪದ್ಧತಿ. ಹಳೆಯ ಒಲೆ ಇದ್ದಾಗ ಆ ಗಂಟು ಮೇಲೆ ಜಂತಿಗೆ ತೂಗುತ್ತಿತ್ತು. ಹೊಗೆ ಹತ್ತಿದ ಬೀಜಕ್ಕೆ ನುಸಿ ಬರುವುದಿಲ್ಲ. ಇದನ್ನೆಲ್ಲ ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೆ. ನೋಡಿಯೂ ಮರೆತಿದ್ದೆ.

ನನಗೆ ತಡೆಯಲಾಗಲಿಲ್ಲ. "ಒಂದ್ ತಿಂಗಳಾತು ಅವ್ವಾ! ಒಂದ್ ತಿಂಗಳ ಮಂಗ್ಯಾನಂಗ ಮಾಳಿಗಿ ಹತ್ತಿ ಇಳದೇನಿ! ಇದರಾಗ ಗಂಟ ಕಟ್ಟೇನಿ ಅಂತ ಒಂದ್ ಮಾತ ಹೇಳಾಕ ಏನಾಗಿತ್ತು?"

"ಹೊಗಿ ಎಲ್ಲಾ ಅಲ್ಲೇ ಹೊಂಟಿತ್ತು. ಬೀಜಕ್ಕ ಹೊಗಿ ಬೇಕು, ಅಲ್ಲೇ ಕಟ್ಟಿನಿ," ಎಂದಳು. ಆಮೇಲೆ ಕೆಂಪು ಕಣ್ಣಿನಿಂದ ನನ್ನನ್ನೇ ನೋಡಿದಳು. "ಅಂಗಡ್ಯಾಂವನ್ನ ಕೇಳಿದಿ, ಗೌಂಡ್ಯಾನ್ನ ಕೇಳಿದಿ, ಬಸ್ಸಿನ್ಯಾಗ ಸಿಕ್ಕವ್ರನ್ನ ಕೇಳಿದಿ. ಒಲಿ ಮುಂದ ಕುಂಡ್ರಾಕಿ ನಾ. ನನ್ನ ಯಾವತ್ತರ ಕೇಳಿದೇನ ತಮ್ಮಾ?"

ಗೌಂಡಿ ಕಾಕಾ ಸುತ್ತಿಗೆ ಕೆಳಗಿಟ್ಟು, ಒಲೆಗೆ ನಾಲ್ಕು ಕಡ್ಡಿ ಇಟ್ಟು ಹೊತ್ತಿಸಿದ. ಹೊಗೆ ಗೂಡು ಸೇರಿ ನೆಟ್ಟಗೆ ಮೇಲೆ ಹೋಯಿತು. ಖುಷಿಪಡಬೇಕಾದ ಹೊತ್ತು, ಆದರೆ ನನಗೆ ನಾಚಿಕೆಯಾಗಿತ್ತು. ಸಿಟ್ಟು ಮಾಡಲು ಯಾರೂ ಉಳಿದಿರಲಿಲ್ಲ.

"ಹಂಗಾದ್ರ ಬೀಜ?" ಎಂದಳು ಅವ್ವ, ಗಂಟು ತೊಡೆಯ ಮೇಲಿಟ್ಟುಕೊಂಡು.

ಕಾಕಾ ಹಿತ್ತಲ ಕಡೆ ಕೈ ಮಾಡಿದ. ಅಲ್ಲಿ ತಗಡಿನ ಚಪ್ಪರದ ಕೆಳಗೆ ಸ್ನಾನದ ನೀರು ಕಾಯಿಸುವ ಒಲೆ ಇದೆ. ಅದಕ್ಕೆ ಗೂಡೂ ಇಲ್ಲ, ಪೈಪೂ ಇಲ್ಲ, ಬೇಕಾದಷ್ಟು ಹೊಗೆ. ಅದನ್ನು ಹೊತ್ತಿಸುವವಳು ನನ್ನ ಹೆಂಡತಿ, ಅವ್ವ ಆ ಕಡೆ ಕೂಡುವುದೂ ಇಲ್ಲ. ತಿಂಗಳಿಡೀ ನಾನು ಅಲ್ಲಿಯೇ ಸ್ನಾನದ ನೀರು ತೋಡಿಕೊಂಡಿದ್ದೆ.

ಮಣೆ ತಂದು ಅದರ ಮೇಲೆ ಹತ್ತಿ, ಚಪ್ಪರದ ಗಳಕ್ಕೆ ಹಗ್ಗ ಹಾಕಿದೆ. ಗಂಟು ಎಳೆಯುತ್ತ, "ಎಷ್ಟ ಎತ್ತರಕ್ಕ ಕಟ್ಟಲಿ, ಅವ್ವಾ?" ಎಂದೆ. ಒಲೆ, ಹೊಗೆಯ ವಿಷಯದಲ್ಲಿ ನಾನು ಆಕೆಯನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವ್ವ ಉತ್ತರ ಕೊಡುವ ಮೊದಲು ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ನೀರಿನ ಒಲೆ ಆಗಿನ್ನೂ ಹೊತ್ತಿಸಿಯೇ ಇರಲಿಲ್ಲ.